ಪಿಪ್ ಹೊಡೆಯುವ ಮೊದಲು ಪೈಥಾನ್ ಆವೃತ್ತಿ ನೋಡಿಕೊಳ್ಳಿ

ಪ್ರಾಜೆಕ್ಟ್ ಒಪ್ಪಿಸುವ ದಿನ ಹತ್ತಿರ ಬಂತೆಂದರೆ ನನ್ನ ವಾಟ್ಸಾಪಿಗೆ ಒಂದೇ ತರದ ಫೋಟೊಗಳು ಬರಲು ಶುರುವಾಗುತ್ತವೆ. ಕರಿ ಪರದೆ, ಅದರ ತುಂಬ ಕೆಂಪು ಅಕ್ಷರ, ಕೆಳಗೆ ಒಂದು ಸಾಲು: "ಸರ, ಪಿಪ್ ಹೊಡದ್ರ ಹಿಂಗ್ ಬರಾಕತ್ತೈತ್ರಿ, ಏನ್ ಮಾಡ್ಲಿ?" ಗಂಗಾವತಿಯ ಬಿಸಿಎ ಹುಡುಗಿಯರು, ಬಳ್ಳಾರಿಯ ಇಂಜಿನಿಯರಿಂಗ್ ಹುಡುಗರು, ರಾಯಚೂರಿನ ಡಿಪ್ಲೊಮಾದವರು, ಎಲ್ಲರದೂ ಇದೇ ಪ್ರಶ್ನೆ. ಬಹಳ ಸಲ ಕಾರಣವೂ ಒಂದೇ. ಮಾಡ್ಯೂಲ್ ಒಂದು ಪೈಥಾನಿಗೆ ತಯಾರಾಗಿರುತ್ತದೆ, ಇವರ ಗಣಕದಲ್ಲಿರುವ ಪೈಥಾನ್ ಬೇರೆಯದಾಗಿರುತ್ತದೆ. ಒಬ್ಬೊಬ್ಬರಿಗೂ ಬಿಡಿಸಿ ಹೇಳುವುದಕ್ಕಿಂತ ಒಂದೇ ಕಡೆ ಬರೆದಿಟ್ಟರೆ ಸಲೀಸು ಎಂದು ಇದನ್ನು ಬರೆಯುತ್ತಿದ್ದೇನೆ.

ಮೊದಲು ಎರಡು ಮೂರು ಶಬ್ದ ತಿಳಿದುಕೊಳ್ಳಿ. ಪೈಥಾನ್ ಎಂದರೆ ಪ್ರೋಗ್ರಾಮ್ ಬರೆಯುವ ಒಂದು ಭಾಷೆ, ಅದನ್ನು ಓಡಿಸುವ ತಂತ್ರಾಂಶಕ್ಕೂ ಅದೇ ಹೆಸರು. ಮಾಡ್ಯೂಲ್ ಎಂದರೆ ಬೇರೆಯವರು ಬರೆದಿಟ್ಟ, ನಾವು ನಮ್ಮ ಪ್ರೋಗ್ರಾಮಿಗೆ ಕರೆದುಕೊಳ್ಳುವ ಕೋಡ್. ಅದನ್ನು ಕಟ್ಟಿ ಹಂಚುವ ಗಂಟಿಗೆ ಪ್ಯಾಕೇಜ್ ಎನ್ನುತ್ತಾರೆ. ಈ ಗಂಟುಗಳೆಲ್ಲ ಇರುವ ಸಾರ್ವಜನಿಕ ಉಗ್ರಾಣದ ಹೆಸರು ಪೈಪಿಐ. ಅಲ್ಲಿಂದ ತಂದು ನಿಮ್ಮ ಗಣಕದಲ್ಲಿ ಕೂರಿಸುವ ಆಳು ಪಿಪ್. ಆವೃತ್ತಿ ಅಂದರೆ ವರ್ಷನ್. ಈ ಲೇಖನದಲ್ಲಿ ಆದೇಶಗಳನ್ನು ಬಾಯಲ್ಲಿ ಹೇಳುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ. ನೀವು ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲೇ ಹೊಡೆಯಬೇಕು.

ಬೇಕಾದದ್ದು ಹೆಚ್ಚೇನಿಲ್ಲ: ಗಣಕ, ಕಮಾಂಡ್ ಪ್ರಾಂಪ್ಟ್ (ಆದೇಶ ಟೈಪ್ ಮಾಡುವ ಕರಿ ಪರದೆ) ತೆರೆಯಲು ಬರುವುದು, ಮೊಬೈಲ್ ಹಾಟ್‌ಸ್ಪಾಟ್ ಆದರೂ ಸರಿ ಸ್ವಲ್ಪ ಇಂಟರ್ನೆಟ್, ಮತ್ತು ಬರೆದುಕೊಳ್ಳಲು ಒಂದು ಚೀಟಿ. ಚೀಟಿ ಬೇಕೇ ಬೇಕು. ಟ್ರ್ಯಾಕ್ಟರ್ ಬಿಡಿಭಾಗ ತರಲು ಸಿಂಧನೂರಿಗೆ ಹೋಗುವವರು ಮಾಡೆಲ್ ನಂಬರ್ ಬರೆದುಕೊಂಡೇ ಹೋಗುತ್ತಾರಲ್ಲ, ಇಲ್ಲಿಯೂ ಹಾಗೇ.

1. ನಿಮ್ಮ ಗಣಕದಲ್ಲಿ ಯಾವ ಪೈಥಾನ್ ಇದೆ?

ಕಮಾಂಡ್ ಪ್ರಾಂಪ್ಟ್ ತೆರೆದು ಹೀಗೆ ಹೊಡೆಯಿರಿ:

ಪೈಥಾನ್ --ವರ್ಷನ್

ಪೈಥಾನ್ 3.11.9 ಎಂದೋ 3.8.10 ಎಂದೋ ಬರುತ್ತದೆ. ಮೂರು ಅಂಕಿಗಳಲ್ಲಿ ನಮಗೆ ಮುಖ್ಯವಾದವು ಮೊದಲ ಎರಡು. ಕೊನೆಯದು ಸಣ್ಣಪುಟ್ಟ ದುರಸ್ತಿಯ ಲೆಕ್ಕ. ಅದು ಬದಲಾದರೆ ಮಾಡ್ಯೂಲ್ ಮುರಿಯುವುದು ಅಪರೂಪ.

ಇಲ್ಲಿ ಮೊದಲ ಗುಂಡಿ ಇದೆ. 3.10 ಎಂಬುದನ್ನು ಗಣಿತದ ದಶಮಾಂಶದಂತೆ ಓದಿ "3.9 ದೊಡ್ಡದು, 3.10 ಚಿಕ್ಕದು" ಎಂದುಕೊಳ್ಳುವವರಿದ್ದಾರೆ. ಇದನ್ನು ಹೊಲದ ಸರ್ವೆ ನಂಬರಿನ ಹಿಸ್ಸಾದಂತೆ ಓದಬೇಕು. 45/9 ಆದ ಮೇಲೆ 45/10 ಬರುವ ಹಾಗೆ 3.9 ಆದ ಮೇಲೆ 3.10, ಆಮೇಲೆ 3.11.

ಎರಡನೆಯ ಗುಂಡಿ ಇನ್ನೂ ಆಳ. ಒಂದೇ ಗಣಕದಲ್ಲಿ ಎರಡು ಮೂರು ಪೈಥಾನ್ ಇರುವುದು ಬಹಳ ಸಾಮಾನ್ಯ. ಕಾಲೇಜಿನವರು ಹೇಳಿದ್ದೊಂದು, ಯಾವುದೋ ವಿಡಿಯೊ ನೋಡಿ ಹಾಕಿಕೊಂಡದ್ದೊಂದು, ಅನಕೊಂಡದ (ಪೈಥಾನನ್ನೂ ಹಲವು ಪ್ಯಾಕೇಜುಗಳನ್ನೂ ಒಟ್ಟಿಗೆ ಕೊಡುವ ತಂತ್ರಾಂಶ) ಜೊತೆ ಬಂದದ್ದೊಂದು. ವಿಂಡೋಸಿನಲ್ಲಿ

ಪೈ --ಲಿಸ್ಟ್

ಎಂದು ಹೊಡೆದರೆ ಇರುವವುಗಳಲ್ಲಿ ಹೆಚ್ಚಿನವು ಸಾಲಾಗಿ ಕಾಣುತ್ತವೆ. ಇಲ್ಲಿ ಪೈ ಎಂದರೆ ಪಿ ಮತ್ತು ವೈ, ಎರಡೇ ಅಕ್ಷರ. ಈಗ ಪಿಪ್ ಯಾರ ಮನೆಯ ಆಳು ಎಂದು ಕೇಳಿ:

ಪೈಥಾನ್ -ಎಂ ಪಿಪ್ --ವರ್ಷನ್

ಉತ್ತರದ ಕೊನೆಯಲ್ಲಿ ಆ ಪಿಪ್ ಯಾವ ಪೈಥಾನಿಗೆ ಸೇರಿದ್ದು ಎಂದು ಬರುತ್ತದೆ. ಬರೀ "ಪಿಪ್ ಇನ್‌ಸ್ಟಾಲ್" ಎಂದು ಹೊಡೆಯುವ ಚಾಳಿ ಇದ್ದರೆ ಇವತ್ತೇ ಬಿಡಿ. ಬರೀ ಪಿಪ್ ಎಂದಾಗ ಗಣಕ ಯಾವ ಪೈಥಾನಿನ ಪಿಪ್ ಕೈಗೆ ಸಿಗುತ್ತದೋ ಅದನ್ನು ಓಡಿಸುತ್ತದೆ. ಆಗ ಮಾಡ್ಯೂಲ್ ಒಂದು ಪೈಥಾನಿನಲ್ಲಿ ಕೂರುತ್ತದೆ, ನಿಮ್ಮ ಪ್ರೋಗ್ರಾಮ್ ಇನ್ನೊಂದರಲ್ಲಿ ಓಡುತ್ತದೆ. "ಇನ್‌ಸ್ಟಾಲ್ ಆಗೈತ್ರಿ, ಆದ್ರ ನೋ ಮಾಡ್ಯೂಲ್ ನೇಮ್ಡ್ ಅಂತೈತಿ" ಎನ್ನುವವರ ಕಥೆ ಹೆಚ್ಚಾಗಿ ಇದೇ. "ಪೈಥಾನ್ -ಎಂ ಪಿಪ್" ಎಂದರೆ ಗೊಂದಲಕ್ಕೆ ಜಾಗವೇ ಇಲ್ಲ.

2. 32 ಬಿಟ್ಟೋ 64 ಬಿಟ್ಟೋ?

ಬರೀ "ಪೈಥಾನ್" ಎಂದು ಹೊಡೆದು ಒಳಗೆ ಹೋಗಿ, ಮೇಲಿನ ಸಾಲು ಓದಿ. ವಿಂಡೋಸಿನಲ್ಲಿ ಅಲ್ಲೇ 32 ಬಿಟ್ ಅಥವಾ 64 ಬಿಟ್ ಎಂದು ಬರೆದಿರುತ್ತದೆ. ನೆನಪಿಡಿ, ಇದು ಪೈಥಾನಿನ ಲೆಕ್ಕ, ವಿಂಡೋಸಿನದಲ್ಲ. 64 ಬಿಟ್ ವಿಂಡೋಸಿನ ಮೇಲೆ 32 ಬಿಟ್ ಪೈಥಾನ್ ಕೂತಿರುವುದನ್ನು ಹಳೆಯ ಲ್ಯಾಬುಗಳಲ್ಲಿ ಬೇಕಾದಷ್ಟು ನೋಡಿದ್ದೇನೆ. ಯಂತ್ರಕಲಿಕೆಗೆ ಬಳಸುವ ಟೆನ್ಸರ್‌ಫ್ಲೋ ಎಂಬ ಪ್ಯಾಕೇಜ್ 32 ಬಿಟ್ ಪೈಥಾನಿಗೆ ಸಿಗುವುದೇ ಇಲ್ಲ. ಆವೃತ್ತಿ ಎಷ್ಟು ಸರಿಯಿದ್ದರೂ ಅದು ಕೂರುವುದಿಲ್ಲ.

ಚೀಟಿಯಲ್ಲಿ ಈಗ ಎರಡು ವಿಷಯ ಇರಬೇಕು: ಉದಾಹರಣೆಗೆ "3.11, 64 ಬಿಟ್".

3. ಮಾಡ್ಯೂಲಿನ ಪುಟ ಓದಿ

ಪೈಪಿಐ ಜಾಲತಾಣದಲ್ಲಿ ಪ್ಯಾಕೇಜಿನ ಹೆಸರು ಹುಡುಕಿ, ಅದರ ಪುಟ ತೆರೆಯಿರಿ. ಹೆಸರಲ್ಲೇ ಎಡವುವವರು ಬಹಳ. ಕೋಡಿನಲ್ಲಿ ಇಂಪೋರ್ಟ್ ಮಾಡುವ (ಕರೆದುಕೊಳ್ಳುವ) ಹೆಸರೂ ಪ್ಯಾಕೇಜಿನ ಹೆಸರೂ ಒಂದೇ ಆಗಿರಬೇಕೆಂದಿಲ್ಲ. ಸಿವಿ2 ಎಂದು ಇಂಪೋರ್ಟ್ ಮಾಡುತ್ತೀರಿ, ಪ್ಯಾಕೇಜಿನ ಹೆಸರು ಓಪನ್‌ಸಿವಿ-ಪೈಥಾನ್. ಪಿಐಎಲ್ ಬೇಕಾದರೆ ಪಿಲ್ಲೋ ಹಾಕಬೇಕು. ಎಸ್‌ಕೆಲರ್ನ್ ಬೇಕಾದರೆ ಸೈಕಿಟ್-ಲರ್ನ್. ಒಂದಕ್ಷರ ತಪ್ಪು ಹೊಡೆದು ಮೋಸದ ಪ್ಯಾಕೇಜ್ ಇಳಿಸಿಕೊಂಡವರೂ ಇದ್ದಾರೆ. ಜನ ತಪ್ಪು ಹೊಡೆಯಲಿ ಎಂದೇ ಹತ್ತಿರದ ಹೆಸರಿಟ್ಟು ಕೆಟ್ಟ ಕೋಡ್ ಏರಿಸುವ ಕಳ್ಳರು ಆ ಉಗ್ರಾಣದಲ್ಲಿ ಆಗಾಗ ಸಿಕ್ಕಿಬೀಳುತ್ತಾರೆ.

ಪುಟದ ಬದಿಯಲ್ಲಿ "ರಿಕ್ವೈರ್ಸ್: ಪೈಥಾನ್ >=3.9" ಎಂಬಂಥ ಸಾಲು ಹುಡುಕಿ. ಈ ಗುರುತುಗಳ ಅರ್ಥ ಹೀಗೆ. >=3.9 ಎಂದರೆ 3.9 ಅಥವಾ ಅದಕ್ಕಿಂತ ಮೇಲಿನದು. <3.13 ಎಂದರೆ 3.13ರ ಒಳಗಿನದು, 3.13 ಸೇರುವುದಿಲ್ಲ. == ಎಂದರೆ ಅದೇ, ಬೇರೆ ಬೇಡ. ~=1.4.2 ಎಂದರೆ 1.4.2ರಿಂದ ಮೇಲೆ, ಆದರೆ 1.4ರ ಸಾಲಿನಲ್ಲೇ ಇರಬೇಕು, 1.5ಕ್ಕೆ ದಾಟಬಾರದು.

ಈ ಸಾಲನ್ನು ಪಿಪ್ ಕೂಡ ಓದುತ್ತದೆ. 2016ರಲ್ಲಿ ಬಂದ ಪಿಪ್ 9ರಿಂದ ಈಚೆಗೆ, ನಿಮ್ಮ ಪೈಥಾನಿಗೆ ಹೊಸ ಆವೃತ್ತಿ ಹೊಂದದಿದ್ದರೆ ಅದು ಹಿಂದಿನ ಆವೃತ್ತಿಗೆ ಸರಿಯುತ್ತದೆ. ಕೇಳಲು ಚೆಂದ, ಆದರೆ ನಿಮಗೆ ಎದ್ದು ಕಾಣುವಂತೆ ಏನೂ ಹೇಳುವುದಿಲ್ಲ. ಪೈಥಾನ್ 3.8 ಇರುವ ಗಣಕದಲ್ಲಿ ಪಾಂಡಾಸ್ (ಕೋಷ್ಟಕದ ಮಾಹಿತಿ ನೋಡಿಕೊಳ್ಳುವ ಪ್ಯಾಕೇಜ್) ಹಾಕಿದರೆ 2.0.3 ಬರುತ್ತದೆ, ಅಲ್ಲಿಗೆ ನಿಂತಿತು. 3.8ಕ್ಕೆ ಸಿಗುವ ಕೊನೆಯ ಪಾಂಡಾಸ್ ಅದೇ. ನೀವು ನೋಡುತ್ತಿರುವ ಪಾಠ ಅದಕ್ಕಿಂತ ಹೊಸ ಪಾಂಡಾಸಿನದಾದರೆ ಕೋಡ್ ಓಡುವುದಿಲ್ಲ, ಯಾಕೆಂದು ತಿಳಿಯುವುದೂ ಇಲ್ಲ. ತಿರುವುಮುರುವೂ ಆಗುತ್ತದೆ. ಪಾಂಡಾಸ್ 2.0ದಲ್ಲಿ ಡೇಟಾಫ್ರೇಮಿನ (ಅದರ ಕೋಷ್ಟಕದ) ಅಪೆಂಡ್ ಎಂಬ ವಿಧಾನವನ್ನೇ ತೆಗೆದುಹಾಕಿದರು. ಹಳೆಯ ವಿಡಿಯೊ ನೋಡಿ ಬರೆದ ಕೋಡ್ ಅಲ್ಲಿಗೆ ಬಂದು ಮುಗ್ಗರಿಸುತ್ತದೆ. ಹಾಗಾಗಿ ಪಾಠ ಯಾವ ವರ್ಷದ್ದು ಎಂಬುದನ್ನೂ ಚೀಟಿಯಲ್ಲಿ ಬರೆದುಕೊಳ್ಳಿ.

ಈ ಇಡೀ ಲೇಖನದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುತ್ತೀರಾದರೆ ಇದನ್ನು ಇಟ್ಟುಕೊಳ್ಳಿ: ">=3.7" ಎಂದು ಬರೆದಿದೆ ಎಂದ ಮಾತ್ರಕ್ಕೆ ಅದು 3.14ರಲ್ಲಿ ಓಡುತ್ತದೆ ಎಂದಲ್ಲ. ಅದು ಕೆಳಗಿನ ಗಡಿ ಮಾತ್ರ. ಮೇಲಿನ ಗಡಿಯನ್ನು ಬಹಳ ಜನ ಬರೆಯುವುದೇ ಇಲ್ಲ. ಪ್ಯಾಕೇಜ್ ಬಿಡುಗಡೆ ಮಾಡಿದ ದಿನ 3.14 ಹುಟ್ಟೇ ಇರಲಿಲ್ಲ, ಬರೆಯುವುದಾದರೂ ಹೇಗೆ? ಅದೇ ಬದಿಯಲ್ಲಿ ಕೆಳಗೆ 3.9, 3.10, 3.11 ಎಂದು ಪಟ್ಟಿ ಇರುತ್ತದೆ. ಇದು ಲೇಖಕರು ಅಂಟಿಸಿದ ಚೀಟಿ ಮಾತ್ರ, ಪಿಪ್ ಇದನ್ನು ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ. ಆದರೂ ಯಾವ ಆವೃತ್ತಿಯವರೆಗೆ ಪರೀಕ್ಷೆ ಮಾಡಿದ್ದಾರೆ ಎಂಬ ಅಂದಾಜು ಸಿಗುತ್ತದೆ. ಖಚಿತ ಉತ್ತರ ಇರುವುದು ಮುಂದಿನ ಹಂತದಲ್ಲಿ.

4. ಕಡತದ ಹೆಸರು ಓದಿ: ಅಕ್ಕಿಯೋ ನೆಲ್ಲೋ?

ಅದೇ ಪುಟದಲ್ಲಿ "ಡೌನ್‌ಲೋಡ್ ಫೈಲ್ಸ್" ಒತ್ತಿ. ಉದ್ದುದ್ದ ಹೆಸರಿನ ಕಡತಗಳು ಕಾಣುತ್ತವೆ. ಹೆದರಬೇಡಿ, ನಮ್ಮ ಕಡೆಯವರಿಗೆ ಇದು ಬಹಳ ಸುಲಭವಾಗಿ ಅರ್ಥವಾಗುವ ವಿಷಯ.

ಕಡತಗಳಲ್ಲಿ ಎರಡು ಜಾತಿ. ಒಂದರ ಕೊನೆಗೆ ಡಬ್ಲ್ಯು-ಎಚ್-ಎಲ್ ಎಂಬ ಮೂರು ಅಕ್ಷರ ಇರುತ್ತವೆ, ಅದಕ್ಕೆ ವೀಲ್ ಎನ್ನುತ್ತಾರೆ. ಇನ್ನೊಂದರ ಕೊನೆಗೆ ಟಾರ್ ಜಿಝಡ್ ಇರುತ್ತದೆ, ಅದು ಮೂಲ ಕೋಡಿನ ಗಂಟು. ವೀಲ್ ಎಂದರೆ ಗಿರಣಿಯಿಂದ ಬಂದ ಅಕ್ಕಿ, ತಂದು ಸೀದಾ ಒಲೆಗೆ ಇಡಬಹುದು. ಮೂಲ ಗಂಟು ಎಂದರೆ ನೆಲ್ಲು. ಚೀಲ ನಿಮ್ಮ ಅಂಗಳಕ್ಕೆ ಬಂದು ಬೀಳುತ್ತದೆ, ಗಿರಣಿ ನೀವೇ ನೋಡಿಕೊಳ್ಳಬೇಕು. ಇಲ್ಲಿ ಗಿರಣಿ ಎಂದರೆ ಕಂಪೈಲರ್, ಸಿ ಅಥವಾ ಸಿ++ ಭಾಷೆಯ ಕೋಡನ್ನು ಗಣಕಕ್ಕೆ ಅರ್ಥವಾಗುವಂತೆ ಮಾಡಿಕೊಡುವ ತಂತ್ರಾಂಶ. ವಿಂಡೋಸಿನಲ್ಲಿ ಅದು ತಾನಾಗಿ ಇರುವುದಿಲ್ಲ. "ಮೈಕ್ರೊಸಾಫ್ಟ್ ವಿಷುಯಲ್ ಸಿ++ 14.0 ಆರ್ ಗ್ರೇಟರ್ ಈಸ್ ರಿಕ್ವೈರ್ಡ್" ಎಂದು ಪಿಪ್ ಬೊಬ್ಬೆ ಹಾಕಿದರೆ ಅದರ ಅರ್ಥ ಇಷ್ಟೇ: ನಿಮ್ಮ ಪೈಥಾನಿಗೆ ಅಕ್ಕಿ ಸಿಗಲಿಲ್ಲ, ನೆಲ್ಲು ತಂದಿದ್ದೇನೆ, ನಿಮ್ಮಲ್ಲಿ ಗಿರಣಿ ಇಲ್ಲ.

ವೀಲಿನ ಹೆಸರನ್ನು ಓದುವುದು ಹೀಗೆ. ನಂಪೈ-1.26.4-ಸಿಪಿ312-ಸಿಪಿ312-ವಿನ್_ಎಎಂಡಿ64 ಎಂದಿದ್ದರೆ, ಮೊದಲು ಪ್ಯಾಕೇಜಿನ ಹೆಸರು (ನಂಪೈ ಎಂದರೆ ಅಂಕಿಗಳ ಲೆಕ್ಕ ಮಾಡುವ ಪ್ಯಾಕೇಜ್), ಆಮೇಲೆ ಅದರ ಆವೃತ್ತಿ. ಸಿಪಿ312 ಎಂದರೆ ಪೈಥಾನ್ 3.12ಕ್ಕೆ ಮಾಡಿದ್ದು. ನಡುವೆ ಚುಕ್ಕಿ ಇಲ್ಲದ್ದರಿಂದ ಮುನ್ನೂರ ಹನ್ನೆರಡು ಎಂದು ಓದಬೇಡಿ. ವಿನ್_ಎಎಂಡಿ64 ಎಂದರೆ 64 ಬಿಟ್ ವಿಂಡೋಸ್. ನಿಮ್ಮದು ಇಂಟೆಲ್ ಪ್ರೊಸೆಸರ್ ಆದರೂ ಇದೇ, ಎಎಂಡಿ ಎಂಬ ಹೆಸರು ನೋಡಿ ಗಾಬರಿಯಾಗುವುದು ಬೇಡ. ವಿನ್32 ಎಂದಿದ್ದರೆ 32 ಬಿಟ್. ಮೆನಿಲಿನಕ್ಸ್ ಎಂದಿದ್ದರೆ ಲಿನಕ್ಸಿನವರಿಗೆ. "ಪಿವೈ3-ನನ್-ಎನಿ" ಎಂದಿದ್ದರೆ ಅದೃಷ್ಟ, ಅದು ಶುದ್ಧ ಪೈಥಾನಿನಲ್ಲೇ ಬರೆದದ್ದು, ಯಾವ ಗಣಕಕ್ಕೂ ಆದೀತು.

ಈಗ ಚೀಟಿ ತೆಗೆದು ಹೊಂದಿಸಿ ನೋಡಿ. 3.11, 64 ಬಿಟ್, ವಿಂಡೋಸ್ ಎಂದಿದ್ದರೆ ಸಿಪಿ311 ಮತ್ತು ವಿನ್_ಎಎಂಡಿ64 ಎರಡೂ ಇರುವ ಕಡತ ಪಟ್ಟಿಯಲ್ಲಿ ಇರಬೇಕು. ಸಿಪಿ39-ಎಬಿಐ3 ಎಂದಿದ್ದರೂ ನಡೆಯುತ್ತದೆ, 3.9 ಮತ್ತು ಅದರ ಮೇಲಿನವುಗಳಿಗೆಲ್ಲ ಒಂದೇ ವೀಲ್ ಎಂದು ಅದರ ಅರ್ಥ. ಏನೂ ಇಲ್ಲದಿದ್ದರೆ ಇನ್‌ಸ್ಟಾಲ್ ಹೊಡೆದು ಸಮಯ ಹಾಳುಮಾಡಬೇಡಿ.

ಮುಖ ಗುರುತಿಸಿ ಹಾಜರಾತಿ ಹಾಕುವ ಪ್ರಾಜೆಕ್ಟ್ ಮಾಡುವವರಿಗೆ ಪ್ರತ್ಯೇಕ ಮಾತು. ಅದಕ್ಕೆ ಬೇಕಾದ ಫೇಸ್-ರೆಕಗ್ನಿಷನ್ ಎಂಬುದು ಡಿಲಿಬ್ ಎಂಬ ಇನ್ನೊಂದು ಪ್ಯಾಕೇಜಿನ ಮೇಲೆ ನಿಂತಿದೆ. ಡಿಲಿಬ್ ಪೈಪಿಐನಲ್ಲಿ ನೆಲ್ಲಿನ ರೂಪದಲ್ಲಷ್ಟೇ ಸಿಗುತ್ತದೆ. ಸಿಮೇಕ್ ಎಂಬ ಸಾಧನ ಮತ್ತು ಸಿ++ ಕಂಪೈಲರ್ ಎರಡೂ ಇಲ್ಲದೆ ಅದು ವಿಂಡೋಸಿನಲ್ಲಿ ಕೂರುವುದಿಲ್ಲ. ಇಲ್ಲಿ ಪೈಥಾನ್ ಆವೃತ್ತಿ ಬದಲಿಸುತ್ತ ಕೂತರೆ ಏನೂ ಆಗದು. ಪ್ರಾಜೆಕ್ಟ್ ವಿಷಯ ಆರಿಸುವ ಮೊದಲೇ ಇದು ಗೊತ್ತಿದ್ದರೆ ಒಳ್ಳೆಯದು.

5. ಯಾವ ಪೈಥಾನ್ ಹಾಕಿಕೊಳ್ಳಬೇಕು?

ಹೊಸದು ಬಂತೆಂದು ಮೊದಲ ದಿನವೇ ಓಡಬೇಡಿ. ಈಗ ಪ್ರತಿ ಅಕ್ಟೋಬರಿನಲ್ಲಿ ಒಂದು ಹೊಸ ಪೈಥಾನ್ ಬರುತ್ತದೆ: 3.12 ಬಂದದ್ದು 2023ರಲ್ಲಿ, 3.13 2024ರಲ್ಲಿ, 3.14 2025ರಲ್ಲಿ. ದೊಡ್ಡ ಪ್ಯಾಕೇಜುಗಳು ಅದಕ್ಕೆ ವೀಲ್ ತಯಾರಿಸಲು ವಾರಗಳೋ ತಿಂಗಳುಗಳೋ ಹಿಡಿಯುತ್ತವೆ. ಟೆನ್ಸರ್‌ಫ್ಲೋ 2.15 ಪೈಥಾನ್ 3.11ಕ್ಕೇ ನಿಂತಿತ್ತು, 3.12ಕ್ಕೆ ದಾರಿ ಆದದ್ದು 2.16ರಲ್ಲಿ. ಆ ನಡುವಿನ ತಿಂಗಳುಗಳಲ್ಲಿ 3.12 ಹಾಕಿಕೊಂಡವರಿಗೆಲ್ಲ ಕೆಂಪು ಸಾಲೇ ಗತಿ. ಒಂದು ಹೆಜ್ಜೆ ಹಿಂದಿರುವುದು ಪ್ರಾಜೆಕ್ಟಿಗೆ ಕ್ಷೇಮ ಎಂಬುದು ನನ್ನ ಅಭಿಪ್ರಾಯ. ತೀರಾ ಹಿಂದಿರುವುದೂ ಬೇಡ. ಒಂದೊಂದು ಪೈಥಾನಿಗೂ ಸುಮಾರು 5 ವರ್ಷ ಆಯುಷ್ಯ. 3.8ರದು 2024ರ ಅಕ್ಟೋಬರಿನಲ್ಲಿ ಮುಗಿಯಿತು. ಪೈಥಾನ್ 2ರದಂತೂ 2020ರ ಜನವರಿ 1ಕ್ಕೇ ಮುಗಿದಿದೆ.

ಇಷ್ಟಾದರೂ ಕೆಲವರಿಗೆ 3.8 ಬಿಟ್ಟರೆ ದಾರಿ ಇಲ್ಲ. ವಿಂಡೋಸ್ 7 ಇರುವ ಗಣಕಗಳು ನಮ್ಮ ಕಡೆ ಇನ್ನೂ ಇವೆ. ಅವುಗಳ ಮೇಲೆ ಓಡುವ ಕೊನೆಯ ಸಾಲು 3.8. 3.9ರಿಂದ ವಿಂಡೋಸ್ 8.1 ಬೇಕು, 3.13ರಿಂದ ವಿಂಡೋಸ್ 10 ಬೇಕು.

ಹಳೆಯ ಆವೃತ್ತಿ ಇಳಿಸಿಕೊಳ್ಳುವಾಗ ಒಂದು ವಿಚಿತ್ರ ಎದುರಾಗುತ್ತದೆ. 3.11ರ ಸಾಲಿನಲ್ಲಿ ಅತಿ ಹೊಸದನ್ನು ತೆರೆದರೆ ಅಲ್ಲಿ ವಿಂಡೋಸ್ ಇನ್‌ಸ್ಟಾಲರೇ ಇರುವುದಿಲ್ಲ. ಜಾಲತಾಣ ಕೆಟ್ಟಿದೆ ಎಂದುಕೊಳ್ಳಬೇಡಿ. ಒಂದು ಸಾಲು ಹಳತಾದ ಮೇಲೆ ಭದ್ರತೆಯ ದುರಸ್ತಿ ಮಾತ್ರ ಬರುತ್ತದೆ, ಅದೂ ಮೂಲ ಕೋಡಿನ ರೂಪದಲ್ಲಿ. ಇನ್‌ಸ್ಟಾಲರ್ ಸಿಗುವ ಕೊನೆಯವು ಇವು: 3.8.10, 3.9.13, 3.10.11, 3.11.9, 3.12.10. ಇದನ್ನು ಗೋಡೆಗೆ ಅಂಟಿಸಿಕೊಳ್ಳಿ. ಇನ್‌ಸ್ಟಾಲ್ ಮಾಡುವಾಗ ಹಳೆಯದನ್ನು ತೆಗೆಯುವ ಅಗತ್ಯವಿಲ್ಲ, ಎರಡೂ ಜೊತೆಗಿರಬಹುದು.

ಉಬುಂಟು (ಒಂದು ಬಗೆಯ ಲಿನಕ್ಸ್) ಬಳಸುವವರು ಎಚ್ಚರ. 22.04ರ ಜೊತೆ 3.10 ಬರುತ್ತದೆ, 24.04ರ ಜೊತೆ 3.12. ಆ ಪೈಥಾನನ್ನು ಕಿತ್ತುಹಾಕಬೇಡಿ, ಬದಲಿಸಲೂ ಬೇಡಿ. ವ್ಯವಸ್ಥೆಯ ಬಹಳ ಕೆಲಸಗಳು ಅದರ ಮೇಲೆ ನಿಂತಿವೆ. ತೆಗೆದವರ ಟರ್ಮಿನಲ್ಲೇ ತೆರೆಯದೆ ಕೂತದ್ದುಂಟು.

6. ಪ್ರತಿ ಪ್ರಾಜೆಕ್ಟಿಗೆ ಬೇರೆ ಒಲೆ

ವರ್ಚುವಲ್ ಎನ್ವಿರಾನ್‌ಮೆಂಟ್ ಎಂದರೆ ಒಂದು ಫೋಲ್ಡರ್. ಅದರೊಳಗೆ ಹಾಕಿದ ಮಾಡ್ಯೂಲ್ ಹೊರಗಿನ ಯಾವುದನ್ನೂ ಕೆಡಿಸುವುದಿಲ್ಲ. ವಿಂಡೋಸಿನಲ್ಲಿ ಪ್ರಾಜೆಕ್ಟಿನ ಫೋಲ್ಡರಿಗೆ ಹೋಗಿ:

ಪೈ -3.11 -ಎಂ ವೆನ್ವ್ ಎನ್ವ್

ಎಂದು ಹೊಡೆಯಿರಿ. ಇಲ್ಲಿ 3.11 ಎಂಬಲ್ಲಿ ನೀವು ಆರಿಸಿದ ಆವೃತ್ತಿ ಬರೆಯಬೇಕು, ಕೊನೆಯ ಎನ್ವ್ ಎಂಬುದು ಫೋಲ್ಡರಿನ ಹೆಸರು. ಆಮೇಲೆ ಅದರೊಳಗಿನ ಸ್ಕ್ರಿಪ್ಟ್ಸ್ ಫೋಲ್ಡರಿನಲ್ಲಿರುವ ಆಕ್ಟಿವೇಟ್ ಅನ್ನು ಓಡಿಸಿ. ಸಾಲಿನ ಮೊದಲಿಗೆ ಕಂಸದಲ್ಲಿ ಎನ್ವ್ ಎಂದು ಕಂಡರೆ ಒಳಗೆ ಬಂದಿದ್ದೀರಿ. ವಿಂಡೋಸಿನ ಇನ್ನೊಂದು ಆದೇಶದ ಪರದೆಯಾದ ಪವರ್‌ಶೆಲ್‌ನಲ್ಲಿ "ರನ್ನಿಂಗ್ ಸ್ಕ್ರಿಪ್ಟ್ಸ್ ಈಸ್ ಡಿಸೇಬಲ್ಡ್" ಎಂದು ತಗಾದೆ ತೆಗೆದರೆ ಜಗಳಾಡದೆ ಹಳೆಯ ಕಮಾಂಡ್ ಪ್ರಾಂಪ್ಟಿಗೆ ಬನ್ನಿ.

ಉಬುಂಟು 24.04ರಲ್ಲಿ ಇದು ಐಚ್ಛಿಕವೂ ಅಲ್ಲ. ಹೊರಗೆ ಪಿಪ್ ಹೊಡೆದರೆ "ಎಕ್ಸ್‌ಟರ್ನಲಿ ಮ್ಯಾನೇಜ್ಡ್ ಎನ್ವಿರಾನ್‌ಮೆಂಟ್" ಎಂದು ತಡೆಯುತ್ತದೆ. ಆ ಸಂದೇಶದ ಕೆಳಗೇ "ಬ್ರೇಕ್ ಸಿಸ್ಟಮ್ ಪ್ಯಾಕೇಜಸ್" ಎಂಬ ದಾರಿಯನ್ನೂ ತೋರಿಸುತ್ತದೆ. ಹೆಸರಲ್ಲೇ ಮುರಿಯುವ ಮಾತಿದೆ, ಅತ್ತ ಹೋಗಬೇಡಿ.

7. ಕೂರಿಸುವ ಮೊದಲೊಮ್ಮೆ, ಕೂರಿಸಿದ ಮೇಲೊಮ್ಮೆ

ಮೊದಲು ಪಿಪ್ ಅನ್ನೇ ಹೊಸದು ಮಾಡಿಕೊಳ್ಳಿ: "ಪೈಥಾನ್ -ಎಂ ಪಿಪ್ ಇನ್‌ಸ್ಟಾಲ್ --ಅಪ್‌ಗ್ರೇಡ್ ಪಿಪ್". ಆಮೇಲೆ ನಿಮಗೆ ಬೇಕಾದ ಪ್ಯಾಕೇಜಿನ ಹೆಸರಿನ ಜೊತೆ "--ಡ್ರೈ-ರನ್" ಸೇರಿಸಿ ಇನ್‌ಸ್ಟಾಲ್ ಹೊಡೆಯಿರಿ. ಏನೂ ಕೂರುವುದಿಲ್ಲ, ಏನೇನು ಕೂರಲಿದೆ ಎಂಬ ಪಟ್ಟಿ ಮಾತ್ರ ಬರುತ್ತದೆ. "--ಓನ್ಲಿ-ಬೈನರಿ=:ಆಲ್:" ಕೂಡ ಸೇರಿಸಿದರೆ ನೆಲ್ಲು ಮುಟ್ಟಬೇಡ, ಅಕ್ಕಿ ಇದ್ದರೆ ಮಾತ್ರ ತಾ ಎಂದಂತೆ. ನಾನು ಯಾವಾಗಲೂ ಸೇರಿಸುತ್ತೇನೆ. ಅರ್ಧ ಗಂಟೆ ಕಂಪೈಲ್ ಆಗಿ ಕೊನೆಗೆ ಸೋಲುವುದಕ್ಕಿಂತ ಎರಡು ಸೆಕೆಂಡಿನಲ್ಲಿ ಇಲ್ಲ ಎನಿಸಿಕೊಳ್ಳುವುದು ವಾಸಿ.

ಕೂರಿಸಿದ ಮೇಲೆ "ಪೈಥಾನ್ -ಎಂ ಪಿಪ್ ಚೆಕ್" ಹೊಡೆಯಿರಿ. ಒಂದು ಪ್ಯಾಕೇಜಿಗೆ ಇನ್ನೊಂದು ಹೊಂದದಿದ್ದರೆ ಹೆಸರು ಹಿಡಿದು ಹೇಳುತ್ತದೆ. ಎಲ್ಲ ಸರಿಯಾಗಿ ಓಡಿದ ದಿನವೇ "ಪೈಥಾನ್ -ಎಂ ಪಿಪ್ ಫ್ರೀಜ್" ಕೊಡುವ ಪಟ್ಟಿಯನ್ನು ಒಂದು ಕಡತದಲ್ಲಿ ಉಳಿಸಿ. ಆದರೆ ಆ ಪಟ್ಟಿಯಲ್ಲಿ ಪೈಥಾನಿನ ಆವೃತ್ತಿಯೇ ಇರುವುದಿಲ್ಲ! ಮೊದಲ ಸಾಲಿನಲ್ಲಿ ಹ್ಯಾಶ್ ಗುರುತು ಹಾಕಿ ನೀವೇ ಬರೆದಿಡಿ.

8. ನೆಟ್ ಇಲ್ಲದ ಲ್ಯಾಬಿಗೆ ಒಯ್ಯುವಾಗ

ಮನೆಯ ಲ್ಯಾಪ್‌ಟಾಪಿನಲ್ಲಿ ಇಳಿಸಿ, ಪೆನ್‌ಡ್ರೈವಿನಲ್ಲಿ ಲ್ಯಾಬಿಗೆ ಒಯ್ಯುವವರು ಎಷ್ಟೋ ಜನ. ಇಲ್ಲಿ ಎಡವಟ್ಟು ಹೀಗಾಗುತ್ತದೆ: ಮನೆಯಲ್ಲಿ 3.12 ಇರುತ್ತದೆ, ಪಿಪ್ ಸಿಪಿ312 ವೀಲುಗಳನ್ನೇ ಇಳಿಸುತ್ತದೆ, ಲ್ಯಾಬಿನಲ್ಲಿ 3.8 ಇರುತ್ತದೆ. "ನಾಟ್ ಎ ಸಪೋರ್ಟೆಡ್ ವೀಲ್ ಆನ್ ದಿಸ್ ಪ್ಲಾಟ್‌ಫಾರ್ಮ್" ಎಂದು ಬರುವುದು ಆಗಲೇ. ಕಡತದ ಹೆಸರು ಬದಲಿಸಿ ಪಿಪ್‌ಗೆ ಟೋಪಿ ಹಾಕಲು ನೋಡಬೇಡಿ, ಕೂತರೂ ಒಳಗಿನ ಸರಕು ಓಡುವುದಿಲ್ಲ.

ದಾರಿ ಎರಡಿವೆ. "ಪಿಪ್ ಡೌನ್‌ಲೋಡ್" ಆದೇಶಕ್ಕೆ "--ಪೈಥಾನ್-ವರ್ಷನ್ 3.8 --ಪ್ಲಾಟ್‌ಫಾರ್ಮ್ ವಿನ್_ಎಎಂಡಿ64 --ಓನ್ಲಿ-ಬೈನರಿ=:ಆಲ್:" ಎಂದು ಸೇರಿಸಿದರೆ ಲ್ಯಾಬಿನ ಅಳತೆಗೆ ಇಳಿಸಿಕೊಡುತ್ತದೆ. ಆದರೆ ಅವಲಂಬನೆಗಳ (ಒಂದು ಪ್ಯಾಕೇಜಿಗೆ ಬೇಕಾಗುವ ಬೇರೆ ಪ್ಯಾಕೇಜುಗಳ) ಕೆಲವು ಷರತ್ತುಗಳನ್ನು ಅದು ಮನೆಯ ಪೈಥಾನ್ ನೋಡಿಯೇ ತೀರ್ಮಾನಿಸುತ್ತದೆ, ಒಮ್ಮೊಮ್ಮೆ ಒಂದೆರಡು ಪ್ಯಾಕೇಜ್ ಬಿಟ್ಟುಹೋಗುತ್ತವೆ. ಅದಕ್ಕೇ ನಾನು ಹೇಳುವುದು ಎರಡನೆಯ ದಾರಿ: ಲ್ಯಾಬಿನಲ್ಲಿರುವ ಪೈಥಾನನ್ನೇ ಮನೆಯಲ್ಲೂ ಹಾಕಿಕೊಂಡು, ಅದರ ಪಿಪ್‌ನಿಂದಲೇ ಇಳಿಸಿ. ಬಿಟ್ಟುಗಳೂ ಒಂದೇ ಇರಲಿ. ಲ್ಯಾಬಿನಲ್ಲಿ ಕೂರಿಸುವಾಗ "--ನೋ-ಇಂಡೆಕ್ಸ್ --ಫೈಂಡ್-ಲಿಂಕ್ಸ್" ಎಂದು ಬರೆದು ಪೆನ್‌ಡ್ರೈವಿನ ಫೋಲ್ಡರ್ ತೋರಿಸಿ.

9. ಕೆಂಪು ಸಾಲು ಏನು ಹೇಳುತ್ತಿದೆ?

"ಕುಡ್ ನಾಟ್ ಫೈಂಡ್ ಎ ವರ್ಷನ್" ಎಂದು ಬಂದು, ಪಕ್ಕದಲ್ಲಿ "ಫ್ರಮ್ ವರ್ಷನ್ಸ್: ನನ್" ಎಂದಿದ್ದರೆ ಮೂರರಲ್ಲಿ ಒಂದು: ಹೆಸರು ತಪ್ಪು, ನಿಮ್ಮ ಪೈಥಾನಿಗೆ ವೀಲ್ ಇಲ್ಲ, ಅಥವಾ ನೆಟ್ ಸರಿಯಿಲ್ಲ. ನೆಟ್ಟಿನದಾದರೆ ಮೇಲಿನ ಸಾಲುಗಳಲ್ಲಿ "ರಿಟ್ರೈಯಿಂಗ್" ಎಂದು ನಾಲ್ಕೈದು ಸಲ ಬಂದಿರುತ್ತದೆ.

"ನೋ ಮಾಡ್ಯೂಲ್ ನೇಮ್ಡ್ ಡಿಸ್ಟ್‌ಯುಟಿಲ್ಸ್" ಎಂದರೆ ಹಳೆಯ ಪ್ಯಾಕೇಜ್, ಹೊಸ ಪೈಥಾನ್. ಪ್ಯಾಕೇಜ್ ಕಟ್ಟಲು ಪೈಥಾನಿನ ಜೊತೆಗೇ ಬರುತ್ತಿದ್ದ ಡಿಸ್ಟ್‌ಯುಟಿಲ್ಸ್ ಅನ್ನು 3.12ರಲ್ಲಿ ತೆಗೆದಿದ್ದಾರೆ. ಸೆಟಪ್‌ಟೂಲ್ಸ್ ಎಂಬ ಪ್ಯಾಕೇಜ್ ಹಾಕಿದರೆ ಕೆಲವೊಮ್ಮೆ ಸರಿಹೋಗುತ್ತದೆ, ಇಲ್ಲವೆಂದರೆ 3.11ಕ್ಕೆ ಇಳಿಯಿರಿ. "ಕೆನಾಟ್ ಇಂಪೋರ್ಟ್ ನೇಮ್ ಮ್ಯಾಪಿಂಗ್ ಫ್ರಮ್ ಕಲೆಕ್ಷನ್ಸ್" ಕೂಡ ಅದೇ ಜಾತಿ, ಅದು 3.10ರಲ್ಲಿ ಹೋದದ್ದು. "ಕಂಪೈಲ್ಡ್ ಯೂಸಿಂಗ್ ನಂಪೈ 1.x" ಎಂದು ಬಂದರೆ ಪೈಥಾನಿನ ತಪ್ಪಲ್ಲ. 2024ರಲ್ಲಿ ನಂಪೈ 2 ಬಂತು, ನಿಮ್ಮ ಇನ್ನೊಂದು ಪ್ಯಾಕೇಜ್ ಅದಕ್ಕೆ ಒಗ್ಗಿಲ್ಲ. ಇನ್‌ಸ್ಟಾಲ್ ಆದೇಶದಲ್ಲಿ ನಂಪೈ<2 ಎಂದು ಬರೆದು, ಅದನ್ನು ಉದ್ಧರಣ ಚಿಹ್ನೆಯೊಳಗೆ ಇಡಿ. ಇಡದಿದ್ದರೆ ಕಮಾಂಡ್ ಪ್ರಾಂಪ್ಟ್ ಆ ಬಾಣವನ್ನು ಬೇರೆಯೇ ಅರ್ಥದಲ್ಲಿ ಓದುತ್ತದೆ.

ಇನ್ನೊಂದು, ನಗು ಬರುವಂಥದ್ದು. ನಿಮ್ಮ ಪ್ರೋಗ್ರಾಮಿನ ಕಡತಕ್ಕೇ ಪಾಂಡಾಸ್ ಎಂದೋ ರ‍್ಯಾಂಡಮ್ ಎಂದೋ ಹೆಸರಿಟ್ಟಿದ್ದರೆ ಪೈಥಾನ್ ನಿಜವಾದ ಮಾಡ್ಯೂಲ್ ಬಿಟ್ಟು ನಿಮ್ಮ ಕಡತವನ್ನೇ ಇಂಪೋರ್ಟ್ ಮಾಡಿಕೊಳ್ಳುತ್ತದೆ. ಆವೃತ್ತಿ ಹುಡುಕುತ್ತ ಇಡೀ ಒಂದು ರಾತ್ರಿ ಕಳೆದು ಬೆಳಗಿನ ಜಾವ ಇದು ಹೊಳೆದವನು ನಾನೇ.

ಇಷ್ಟು ನೋಡಿಯೂ ಬಗೆಹರಿಯದಿದ್ದರೆ ಯಾರನ್ನಾದರೂ ಕೇಳಿ, ನನ್ನನ್ನೂ ಕೇಳಿ. ಆದರೆ ಪರದೆಯ ಫೋಟೊ ಹೊಡೆದು ಕಳಿಸಬೇಡಿ, ಅದರಲ್ಲಿ ಮೇಲಿನ ಅರ್ಧ ಕತ್ತರಿಸಿಹೋಗಿರುತ್ತದೆ, ಉಳಿದರ್ಧ ಟ್ಯೂಬ್‌ಲೈಟಿನ ಬೆಳಕಿಗೆ ಕಾಣುವುದಿಲ್ಲ. "ಪೈಥಾನ್ -ಎಂ ಪಿಪ್ --ವರ್ಷನ್" ಕೊಟ್ಟ ಉತ್ತರ, ಎಷ್ಟು ಬಿಟ್ಟು, ಯಾವ ವಿಂಡೋಸ್ ಅಥವಾ ಲಿನಕ್ಸ್, ನೀವು ಹೊಡೆದ ಆದೇಶ, ಮತ್ತು ದೋಷದ ಸಾಲುಗಳನ್ನು ಮೊದಲಿನಿಂದ ಕೊನೆಯವರೆಗೆ ಕಾಪಿ ಮಾಡಿ ಅಕ್ಷರದಲ್ಲೇ ಕಳಿಸಿ.